ಶೇಕಡಾವಾರು ಲೆಕ್ಕಕ್ಕೆ ಸಿಗದ ಅಡಚಣೆ

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೋರುವ ಕಾಲೇಜು ವಿದ್ಯಾರ್ಥಿಗೆ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ, ‘ಅಂಗವೈಕಲ್ಯ ಶೇಕಡಾ ಎಷ್ಟು?’ ಎಂಬುದು. ‘ಬರೆಯಲು ಇರುವ ಅಡಚಣೆ ಏನು?’ ಎಂದು ವಿಚಾರಿಸುವವರು ವಿರಳ. ನಮ್ಮ ಪ್ರಮಾಣಪತ್ರ ವ್ಯವಸ್ಥೆಯ ಮೂಲದೋಷ ಇಲ್ಲಿಯೇ ಇದೆ.

1995ರ ಕಾಯ್ದೆ ಗುರುತಿಸಿದ್ದ 7 ಬಗೆಯ ವೈಕಲ್ಯಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21ಕ್ಕೆ ವಿಸ್ತರಿಸಿತು. ಮೇಲ್ನೋಟಕ್ಕೆ ಕಾಣದ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳು ಶೇ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯ ಉಳ್ಳವರಿಗೆ ಮೀಸಲಾದವು. ಸೀಮಿತ ಸೀಟುಗಳನ್ನು ಹಂಚುವಾಗ ಇಂಥದೊಂದು ಗೆರೆ ಅನಿವಾರ್ಯ. ಆದರೆ ಕಾಲೇಜಿನ ಪರೀಕ್ಷೆಯಲ್ಲಿ ಒಬ್ಬರಿಗೆ ತುಸು ಹೆಚ್ಚು ಸಮಯ ಕೊಟ್ಟರೆ ಇನ್ನೊಬ್ಬರ ಪಾಲೇನೂ ಕಡಿಮೆಯಾಗದು. ಮೀಸಲಾತಿಯ ಅಳತೆಗೋಲನ್ನೇ ಇಲ್ಲಿಯೂ ಬಳಸುವುದು ತರ್ಕಬದ್ಧವಲ್ಲ.

ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದೂ ಇದನ್ನೇ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಆ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ನಿರಾಕರಿಸಲಾಗಿತ್ತು. ವೈದ್ಯಕೀಯ ಮಂಡಳಿ ನಮೂದಿಸಿದ ವೈಕಲ್ಯದ ಪ್ರಮಾಣ ಕೇವಲ ಶೇ 6. ಆದರೂ ಲಿಪಿಕಾರರ ನೆರವು ಪಡೆಯಲು ಶೇ 40ರ ಮಿತಿ ಪೂರ್ವಷರತ್ತಾಗದು ಎಂದು ನ್ಯಾಯಾಲಯ ತೀರ್ಪಿತ್ತಿತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗೂ ಲಿಪಿಕಾರರ ನೆರವು ಮತ್ತು ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಅವಧಿಗೆ ಮಾರ್ಗಸೂಚಿ ಹೊರಡಿಸಿತು. 2025ರ ಫೆಬ್ರುವರಿಯಲ್ಲಿ ನ್ಯಾಯಾಲಯ ಮತ್ತೊಂದು ಪ್ರಕರಣದಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು.

ಸೌಲಭ್ಯ ದುರ್ಬಳಕೆಯಾದೀತೆಂಬ ಆತಂಕ ಅಸಹಜವಲ್ಲ. ದಾಖಲೆ ಬೇಕೇ ಬೇಕು. ಪ್ರಶ್ನೆ ಇರುವುದು ಆ ದಾಖಲೆ ಏನನ್ನು ಹೇಳಬೇಕು ಎಂಬುದರಲ್ಲಿ. ಬರಿಯ ಅಂಕಿಯಿಂದ ಪ್ರಾಂಶುಪಾಲರಿಗೆ ಏನೂ ತಿಳಿಯದು. ವಿದ್ಯಾರ್ಥಿ ಎಷ್ಟು ಹೊತ್ತು ಬರೆಯಬಲ್ಲ, ಓದುವ ವೇಗವೆಷ್ಟು, ಯಾವ ನೆರವಿನಿಂದ ಅಡಚಣೆ ನೀಗುತ್ತದೆ ಎಂಬುದನ್ನು ವೈದ್ಯರೂ ಮನೋವಿಜ್ಞಾನಿಗಳೂ ಬರೆದುಕೊಟ್ಟರೆ ಅದು ಉಪಯುಕ್ತ ದಾಖಲೆಯಾಗುತ್ತದೆ. ದುರ್ಬಳಕೆಯನ್ನು ಪತ್ತೆಹಚ್ಚುವುದೂ ಸುಲಭವಾಗುತ್ತದೆ.

ಕಾಲೇಜುಗಳು ಮಾಡಬೇಕಾದ್ದು ದುಬಾರಿ ಕೆಲಸವೇನಲ್ಲ. ಪ್ರವೇಶದ ವೇಳೆಯಲ್ಲೇ ಅಗತ್ಯಗಳನ್ನು ಕೇಳಿ ತಿಳಿಯಬೇಕು. ನಿಗದಿತ ಅವಧಿಯಲ್ಲಿ ಲಿಖಿತ ಉತ್ತರ ನೀಡಬೇಕು. ನಿರಾಕರಿಸಿದರೆ ಕಾರಣ ಕೊಡಬೇಕು. ಶಾಶ್ವತ ವೈಕಲ್ಯಕ್ಕೆ ಪ್ರತಿ ಸೆಮಿಸ್ಟರ್‌ನಲ್ಲೂ ಹೊಸ ಪ್ರಮಾಣಪತ್ರ ಕೇಳುವುದು ನಿಲ್ಲಬೇಕು. ಪರೀಕ್ಷಾ ಕ್ರಮದಲ್ಲಿ ಸೂಕ್ತ ಮಾರ್ಪಾಡು ಮಾಡಬೇಕೆಂದು 2016ರ ಕಾಯ್ದೆಯ 17ನೇ ಸೆಕ್ಷನ್ ವಿಧಿಸುವುದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನು. ಪರೀಕ್ಷೆಯ ಹಿಂದಿನ ವಾರ ಕಚೇರಿಯಿಂದ ಕಚೇರಿಗೆ ಅಲೆಯುವ ವಿದ್ಯಾರ್ಥಿ ಬೇಡುತ್ತಿರುವುದು ಕೃಪೆಯನ್ನಲ್ಲ, ಕಾನೂನು ಈಗಾಗಲೇ ಮಾನ್ಯ ಮಾಡಿರುವ ಹಕ್ಕನ್ನು.