ಪುಟಕ್ಕೊಂದು ನೆಟ್ಟಗಿನ ವಿಳಾಸ



ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ನಮ್ಮಂಥವರು ಅನೇಕರು ಈಗ ಅಂತರಜಾಲದಲ್ಲಿ ಸ್ವಂತ ತಾಣ ಇಟ್ಟುಕೊಂಡಿದ್ದಾರೆ. ಮಗನೋ ಮಗಳೋ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿಕೊಡುತ್ತಾರೆ. ಫೋಟೋ, ಬೆಲೆ ಎಲ್ಲಾ ಹಾಕಿದ್ದಾಯಿತು. “ಆದರ ಹುಡುಕಿದವರಿಗೆ ನಮ್ಮ ಪುಟಾನ ಸಿಗವಲ್ದಲ್ರೀ” ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದಕ್ಕೆ ಕಾರಣ ಹಲವು. ಅವುಗಳಲ್ಲಿ ಕಾಸಿನ ಖರ್ಚಿಲ್ಲದೆ ನಾವೇ ಸರಿಪಡಿಸಬಹುದಾದದ್ದು ಪುಟದ ವಿಳಾಸ.

ನಮ್ಮ ಊರಿನ ಹೆಸರನ್ನೇ ನೋಡಿರಿ. ಬರೇ ಮಣ್ಣೂರ ಅಂದರೆ ಬೆಳಗಾವಿ ತಾಲ್ಲೂಕಿನಲ್ಲೂ ಒಂದುಂಟು, ಅಫಜಲಪುರ ತಾಲ್ಲೂಕಿನಲ್ಲೂ ಒಂದುಂಟು. ಮುಂದೆ ‘ಹೊಳೆ’ ಸೇರಿತೋ, ಮಲಪ್ರಭೆಯ ದಂಡೆಯ ಹೊಳೆಮಣ್ಣೂರ ಎಂದು ಗೊತ್ತಾಗುತ್ತದೆ. ಪುಟದ ವಿಳಾಸಕ್ಕೂ ಬೇಕಾದದ್ದು ಇಂಥ ಒಂದೆರಡು ಗುರುತಿನ ಮಾತು. ‘ಪಿ ಸಮ 123’ ಎಂದು ಅಂಕಿ ಇದ್ದರೆ ಗಿರಾಕಿಗೂ ತಿಳಿಯದು, ಗೂಗಲ್‌ಗೂ ಅದರಿಂದ ಸುಳಿವು ಸಿಗದು.

ಮಾಡುವ ಕ್ರಮ ಹೀಗೆ. ತಾಣದ ‘ಸೆಟ್ಟಿಂಗ್ಸ್’ನಲ್ಲಿ ‘ಪರ್ಮಾಲಿಂಕ್ಸ್’ ಎಂದಿರುತ್ತದೆ. ಅಲ್ಲಿ ‘ಪ್ಲೇನ್’ ಬಿಟ್ಟು ‘ಪೋಸ್ಟ್ ನೇಮ್’ ಆರಿಸಿ ಉಳಿಸಿರಿ. ಹಳೆಯ ಅಂಕಿಯ ವಿಳಾಸ ಒತ್ತಿದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ, ಅಂಜಬೇಡಿರಿ. ಆಮೇಲೆ ಪ್ರತಿ ಪುಟ ಪ್ರಕಟಿಸುವ ಮೊದಲು ‘ಸ್ಲಗ್’ ಎಂಬ ಜಾಗದಲ್ಲಿ ಚಿಕ್ಕ ಹೆಸರು ಕೊಡಿರಿ. ಪದಗಳ ನಡುವೆ ಅಡ್ಡಗೆರೆ ಇರಲಿ, ಅಡಿಗೆರೆ ಬೇಡ.

ಕನ್ನಡದ ಹೆಸರಿಗೆ ಇನ್ನೊಂದು ಎಚ್ಚರಿಕೆ ಬೇಕು. ನಾವು ಸ್ಲಗ್ ಬರೆಯದಿದ್ದರೆ ಯಂತ್ರ ತಲೆಬರಹವನ್ನೇ ಎತ್ತಿಕೊಳ್ಳುತ್ತದೆ. ಅದಕ್ಕಿರುವ ಜಾಗ 200 ಅಕ್ಷರದ್ದು. ಒಳಗೊಳಗೆ ನಮ್ಮ ಒಂದೊಂದು ಗುರುತಿಗೂ 9 ಜಾಗ ಹೋಗುತ್ತದೆ. ಗುಣಿತದ ಚಿಹ್ನೆ, ಒತ್ತಕ್ಷರ ಕೂಡಿಸುವ ಕೊಂಡಿ ಎಲ್ಲವೂ ಬೇರೆ ಬೇರೆ ಲೆಕ್ಕ. ‘ರೊಟ್ಟಿ’ ಎಂಬ ಎರಡಕ್ಷರದಲ್ಲಿ 6 ಗುರುತು, ಅಂದರೆ 54 ಜಾಗ! ಒಟ್ಟು 22 ಗುರುತಿಗೆ ಜಾಗ ತುಂಬಿತು. ‘ಮನೆಯಲ್ಲೇ ಸುಲಭವಾಗಿ ಮಾಡಬಹುದಾದ ಖಡಕ್ ರೊಟ್ಟಿ’ ಎಂದು ತಲೆಬರಹ ಕೊಟ್ಟರೆ ವಿಳಾಸ ‘ಮಾಡಬಹು’ ಎಂಬಲ್ಲಿಗೇ ನಿಂತುಬಿಡುತ್ತದೆ. ರೊಟ್ಟಿ ಬರುವುದೇ ಇಲ್ಲ! ತಲೆಬರಹ ಉದ್ದ ಇರಲಿ, ಸ್ಲಗ್ಗಿಗೆ ‘ಖಡಕ್-ರೊಟ್ಟಿ’ ಸಾಕು.

ಕನ್ನಡ ಲಿಪಿಯೋ ಇಂಗ್ಲಿಷ್ ಲಿಪಿಯೋ ಎಂದು ಕೇಳುವಿರಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸದಲ್ಲಿ ಕನ್ನಡವೇ ಇದೆ, ಹುಡುಕಿದರೆ ಸಿಗುತ್ತದೆ. ಆದರೆ ಅದನ್ನು ನಕಲು ಮಾಡಿ ವಾಟ್ಸಾಪಿಗೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆ, ಅಂಕಿಗಳ ಉದ್ದ ಸರಮಾಲೆ ಆಗುತ್ತದೆ. ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ವಿಳಾಸವಾದರೆ ನಮ್ಮ ‘ಖಡಕ್ ರೊಟ್ಟಿ’ಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಅದಕ್ಕೆ ಇಂಗ್ಲಿಷ್ ಹೆಸರು ಹುಡುಕಿ ಇಡಬೇಡಿರಿ. ಗಿರಾಕಿ ಅಂಗಡಿಯಲ್ಲಿ ಯಾವ ಮಾತಿನಿಂದ ಕೇಳುತ್ತಾರೋ ಆ ಮಾತೇ ಇರಬೇಕು.

ಒಮ್ಮೆ ಇಟ್ಟ ವಿಳಾಸವನ್ನು ಮನಸ್ಸು ಬಂದಾಗ ಬದಲಿಸುವುದು ತರವಲ್ಲ. 1997ರಲ್ಲಿ ಧಾರವಾಡ ಒಡೆದು ಗದಗ ಜಿಲ್ಲೆಯಾಯಿತು. ಆಗ ಲಕೋಟೆಯ ಮೇಲೆ ಹಳೆಯ ಜಿಲ್ಲೆ ಬರೆದಿದ್ದರೂ 1972ರಿಂದ ಬಂದ ಪಿನ್‌ಕೋಡ್ ನೋಡಿ ಅಂಚೆಯವರು ಊರು ಗುರುತಿಸಬಹುದಿತ್ತು. ಜಾಲದಲ್ಲಿ ಆ ಕೆಲಸಕ್ಕೆ ‘ರೀಡೈರೆಕ್ಟ್’ ಬೇಕು. ವರ್ಡ್‌ಪ್ರೆಸ್ಸಿನಲ್ಲಿ ‘ಪೋಸ್ಟ್’ ಆದರೆ ಹಳೆಯ ಸ್ಲಗ್ಗನ್ನು ಅದೇ ನೆನಪಿಟ್ಟುಕೊಳ್ಳುತ್ತದೆ. ‘ಪೇಜ್’ ಆದರೆ ನಾವೇ ಹಾಕಬೇಕು. ಇಲ್ಲವಾದರೆ ಮಾರಿಹೋದ ಪೊಟ್ಟಣ ನೋಡಿ ಮತ್ತೆ ಕೊಳ್ಳಬೇಕೆಂದವರು ‘ಪುಟ ಸಿಗಲಿಲ್ಲ’ ಎಂದು ಓದಿ ಸುಮ್ಮನಾಗುತ್ತಾರೆ. ಆ ನಷ್ಟ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ವಿಳಾಸವೊಂದರಿಂದಲೇ ಗೂಗಲ್‌ನಲ್ಲಿ ಮೇಲೆ ಬರುತ್ತೇವೆಂದು ಮಾತ್ರ ತಿಳಿಯಬೇಡಿರಿ. ಅದು ಹೆಚ್ಚಾಗಿ ನೋಡುವುದು ಒಳಗಿನ ಬರಹವನ್ನು. ರೊಟ್ಟಿ ಎಷ್ಟು ದಿನ ಇರುತ್ತದೆ, ಪೊಟ್ಟಣದಲ್ಲಿ ಎಷ್ಟು ಇರುತ್ತವೆ, ಯಾವ ಜೋಳದ್ದು ಎಂಬುದನ್ನು ಸ್ಪಷ್ಟವಾಗಿ ಬರೆದಿಡಿರಿ. ಇವತ್ತು ಊಟ ಮುಗಿಸಿ ಕೂತಾಗ ನಿಮ್ಮ ತಾಣದ ಒಂದೊಂದೇ ಪುಟದ ವಿಳಾಸ ಓದಿ ನೋಡಿರಿ. ಯಾವುದರಲ್ಲಿ ಪದಾರ್ಥದ ಹೆಸರಿಲ್ಲವೋ ಅಲ್ಲಿಂದ ಶುರು ಮಾಡಿರಿ.