ಸ್ಥಾನಗಳ ಲೆಕ್ಕ, ಮತಗಳ ಲೆಕ್ಕ

ಚುನಾವಣಾ ಫಲಿತಾಂಶವೆಂದರೆ ನಮ್ಮಲ್ಲಿ ಸ್ಥಾನಗಳ ಎಣಿಕೆಯಷ್ಟೇ. 2008ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಶೇ 34.76ರಷ್ಟು ಮತ ಗಳಿಸಿದ ಕಾಂಗ್ರೆಸ್ಸಿಗೆ 80 ಸ್ಥಾನ ದೊರೆತರೆ, ಶೇ 33.86ರಷ್ಟು ಗಳಿಸಿದ ಬಿಜೆಪಿಗೆ 110 ದೊರೆತವು. 2004 ಮತ್ತು 2018ರಲ್ಲೂ ಹೆಚ್ಚು ಮತ ಪಡೆದ ಕಾಂಗ್ರೆಸ್ ಸ್ಥಾನಗಳಲ್ಲಿ ಬಿಜೆಪಿಗಿಂತ ಹಿಂದುಳಿಯಿತು. ಒಂದು ಪಕ್ಷದ ಮತ ರಾಜ್ಯದಾದ್ಯಂತ ಹರಡಿ, ಇನ್ನೊಂದರದು ಕೆಲವು ಪ್ರದೇಶಗಳಲ್ಲಿ ಒಟ್ಟುಗೂಡಿದರೆ ಹೀಗಾಗುವುದು ಸಹಜ. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿಗೂ ಸಂದದ್ದು ಸುಮಾರು ಶೇ 43ರಷ್ಟು ಮತ ಮಾತ್ರ.

ಈ ಪದ್ಧತಿಯನ್ನೇ ಕೈಬಿಡಬೇಕೆಂಬ ವಾದ ನನ್ನದಲ್ಲ. ಆದರೆ 224ರ ಸದನದಲ್ಲಿ 113ರ ಬಲ ಆಳುವ ಹಕ್ಕನ್ನು ಕೊಡುತ್ತದೆಯೇ ಹೊರತು, ವಿರೋಧ ಪಕ್ಷದ ಮಾತಿಗೆ ಕಿವಿಗೊಡದಿರುವ ಹಕ್ಕನ್ನಲ್ಲ. ‘ಜನಾದೇಶ ನಮ್ಮದು’ ಎನ್ನುವ ಯಾವುದೇ ಸರ್ಕಾರ ತನಗೆ ಮತ ನೀಡದ ಬಹುಸಂಖ್ಯಾತರನ್ನು ಮರೆಯಬಾರದು.