ಕಿಸೊ ಕಣಿವೆಯಲ್ಲಿ ಒಂದು ಹಗಲು

ಜಪಾನಿನ ಹೆಸರು ಕೇಳಿದೊಡನೆ ಕಣ್ಣ ಮುಂದೆ ನಿಲ್ಲುವುದು ಟೋಕಿಯೋ ನಗರದ ಜನಸಂದಣಿ, ಮಿಂಚಿನಂತೆ ಓಡುವ ರೈಲು, ಹಿಮ ಮುಡಿದ ಫ್ಯೂಜಿ ಪರ್ವತ. ಆದರೆ ಆ ದ್ವೀಪರಾಷ್ಟ್ರದ ಹೆಚ್ಚು ಪಾಲು ನೆಲ ಬೆಟ್ಟಗಾಡು. ಆ ಬೆಟ್ಟಗಳ ಮಡಿಲಲ್ಲಿರುವ ಊರುಗಳನ್ನು ನೋಡದೆ ಜಪಾನನ್ನು ನೋಡಿ ಬಂದೆನೆನ್ನುವುದು ಗೋಪುರಕ್ಕೆ ಕೈಮುಗಿದು ಗರ್ಭಗುಡಿಯನ್ನು ಮರೆತು ಬಂದಂತೆಯೇ ಸರಿ. ಹೊನ್‌ಶು ದ್ವೀಪದ ನಡುಭಾಗದಲ್ಲಿ, ನಾಗಾನೊ ಪ್ರಾಂತದಿಂದ ಗಿಫು ಪ್ರಾಂತದತ್ತ ಇಳಿಯುವ ಕಿಸೊ ಕಣಿವೆ ಅಂಥದೊಂದು ಒಳನಾಡು. ಉತ್ತರದ ಶಿಯೊಜಿರಿಯಲ್ಲಿ ಬೆಳಗಿನ ಜಾವ ಕಾರು ಹತ್ತಿದವನು ಅಲ್ಲಲ್ಲಿ ಇಳಿದು, ನಡೆದು, ದಣಿವಾರಿಸಿಕೊಂಡು, ಸಂಜೆಯ ಹೊತ್ತಿಗೆ ದಕ್ಷಿಣದ ನಾಕಾತ್ಸುಗಾವಾ ಪಟ್ಟಣವನ್ನು ಸೇರಬಹುದು. ದೂರ ಸುಮಾರು 100 ಕಿಲೋಮೀಟರು ಮಾತ್ರ. ಆದರೆ ಆ ದಾರಿಯಲ್ಲಿ ಕಾಣಸಿಗುವ ಕಾಲ ನಾಲ್ಕು ಶತಮಾನಗಳದು.

1603ರಲ್ಲಿ ಟೊಕುಗಾವಾ ಮನೆತನದವರು ಶೋಗುನ್ ಪದವಿಗೇರಿ ಎದೊ ನಗರದಿಂದ, ಎಂದರೆ ಇಂದಿನ ಟೋಕಿಯೋದಿಂದ, ನಾಡನ್ನಾಳತೊಡಗಿದರು. ಚಕ್ರವರ್ತಿ ಮಾತ್ರ ಕ್ಯೋಟೊ ನಗರದಲ್ಲಿಯೇ ಉಳಿದನು. ಈ ಎರಡು ನಗರಗಳ ನಡುವೆ ಕಡಲ ಕರೆಯಲ್ಲೊಂದು ಹೆದ್ದಾರಿಯಿದ್ದರೆ, ಬೆಟ್ಟಗಳ ನಡುವೆ ಇನ್ನೊಂದಿತ್ತು. ಈ ಎರಡನೆಯದೇ ನಾಕಾಸೆಂದೊ, ಅಂದರೆ ನಡುಬೆಟ್ಟದ ದಾರಿ. ಅದರ 69 ತಂಗುದಾಣಗಳಲ್ಲಿ 11 ಕಿಸೊ ಕಣಿವೆಯಲ್ಲಿದ್ದವು. ಪಾಳೆಯಗಾರರು ಸಪರಿವಾರರಾಗಿ, ಯಾತ್ರಿಕರು ಕೋಲೂರಿಕೊಂಡು, ವರ್ತಕರು ಕುದುರೆಗಳ ಮೇಲೆ ಹೇರು ಹೇರಿಕೊಂಡು ಈ ದಾರಿಯಲ್ಲಿ ಸಾಗಿದರು. ಪ್ರಭುಗಳಿಗೆ ಇಳಿದುಕೊಳ್ಳಲು ಪ್ರತಿ ತಂಗುದಾಣದಲ್ಲಿಯೂ ‘ಹೊಂಜಿನ್’ ಎಂಬ ದೊಡ್ಡ ಬಿಡಾರವಿರುತ್ತಿತ್ತು. ಅದರ ಒಡೆಯನೇ ಬಹುಮಟ್ಟಿಗೆ ಊರಿನ ಮುಖಂಡ.

ಕಣಿವೆಯ ಬಾಯಿಯಲ್ಲಿ ಮೊದಲು ಸಿಗುವುದು ಮೆರುಗೆಣ್ಣೆಯ ಪಾತ್ರೆಗಳಿಗೆ ಹೆಸರಾದ ಹಿರಾಸಾವಾ. ಅದರಾಚೆಗೆ 34ನೆಯ ತಂಗುದಾಣವಾದ ನರಾಯಿ. ಇಲ್ಲಿ ಕಾರನ್ನು ಊರಿನಂಚಿನಲ್ಲಿ ನಿಲ್ಲಿಸಿ ನಡೆಯುವುದೇ ಮರ್ಯಾದೆ. ಸುಮಾರು ಒಂದು ಕಿಲೋಮೀಟರು ಉದ್ದದ ಒಂದೇ ಬೀದಿ. ಇಕ್ಕೆಲಗಳಲ್ಲಿ ಕಪ್ಪಿಟ್ಟ ಮರದ ಎರಡಂತಸ್ತಿನ ಮನೆಗಳು. ಮೇಲಂತಸ್ತು ಬೀದಿಯತ್ತ ತುಸು ಚಾಚಿಕೊಂಡಿದೆ. ಕಿಟಕಿಗಳಿಗೆ ಗಾಜಿನ ಬದಲು ಸಣ್ಣ ಮರದ ಪಟ್ಟಿಗಳ ಜಾಲರಿ. ಬೆಟ್ಟದಿಂದಿಳಿದ ತಣ್ಣೀರು ಬೀದಿಯ ಬದಿಯ ಮರದ ತೊಟ್ಟಿಗಳಿಗೆ ಸದಾ ಸುರಿಯುತ್ತಿರುತ್ತದೆ. ಅಂದು ದಾರಿಹೋಕರ ಬಾಯಾರಿಕೆಗೆಂದು ಇದ್ದ ನೀರು ಇಂದಿಗೂ ಅದೇ ಕೆಲಸವನ್ನು ಮಾಡುತ್ತಿದೆ.

ನರಾಯಿಯಿಂದ ಮುಂದೆ ತೊರಿಯಿ ಘಟ್ಟ. 1,197 ಮೀಟರು ಎತ್ತರದ ಈ ಘಟ್ಟವನ್ನು ಹಿಂದಿನವರು ಏದುಸಿರು ಬಿಡುತ್ತ ಹತ್ತಿಳಿಯುತ್ತಿದ್ದರು. ಈಗ ಕಾರು ಸುರಂಗದೊಳಗೆ ಹೊಕ್ಕು ಕೆಲವೇ ನಿಮಿಷಗಳಲ್ಲಿ ಹೊರಬೀಳುತ್ತದೆ. ಇದು ನೀರು ಇಬ್ಭಾಗವಾಗುವ ಸ್ಥಳ. ಇತ್ತಣ ನರಾಯಿ ಹೊಳೆ ಉತ್ತರಕ್ಕೆ ಹರಿದು ಜಪಾನ್ ಸಮುದ್ರದ ಪಾಲಾದರೆ, ಅತ್ತಣ ಕಿಸೊ ನದಿ ದಕ್ಷಿಣಕ್ಕಿಳಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ.

ಇಲ್ಲಿಂದ ಮುಂದೆ ಕಣ್ಣು ಹಾಯಿಸಿದತ್ತ ಕಾಡು. ಅದರಲ್ಲಿ ರಾಜಮರ್ಯಾದೆ ‘ಹಿನೊಕಿ’ ಎಂಬ ಸೈಪ್ರೆಸ್ ಜಾತಿಯ ಮರಕ್ಕೆ. ನೇರವಾದ ಎಳೆ, ನವುರಾದ ಪರಿಮಳ, ಬೇಗ ಕೊಳೆಯದ ಗುಣ. ಇಸೆ ಮಹಾಮಂದಿರವನ್ನು 20 ವರ್ಷಗಳಿಗೊಮ್ಮೆ ಹೊಸದಾಗಿ ಕಟ್ಟುವ ಸಂಪ್ರದಾಯಕ್ಕೆ ಬಹುಕಾಲದಿಂದ ಈ ಕಣಿವೆಯೇ ಮರವೊದಗಿಸುತ್ತ ಬಂದಿದೆ. ಹಿಂದಿನ ಪುನರ್ನಿರ್ಮಾಣ ನಡೆದದ್ದು 2013ರಲ್ಲಿ. ಹದಿನೇಳನೆಯ ಶತಮಾನದಲ್ಲಿ ಕೋಟೆಗಳಿಗೂ ನಗರಗಳಿಗೂ ಮರ ಕಡಿದು ಕಡಿದು ಬೆಟ್ಟಗಳು ಬೋಳಾಗತೊಡಗಿದಾಗ, ಕಣಿವೆಯ ಒಡೆಯರಾದ ಓವಾರಿ ಪ್ರಭುಗಳು ಕಾಡಿಗೆ ಕಾವಲಿಟ್ಟರು. ಕಾಲಕ್ರಮದಲ್ಲಿ ಹಿನೊಕಿಯೂ ಸೇರಿ ಐದು ಜಾತಿಯ ಮರಗಳಿಗೆ ಕೊಡಲಿಯಿಡುವುದು ಸಂಪೂರ್ಣ ನಿಷಿದ್ಧವಾಯಿತು. ಒಂದು ಮರಕ್ಕೆ ಒಂದು ತಲೆ ಎಂಬ ಮಾತು ಇಲ್ಲಿ ಹುಟ್ಟಿದ್ದು ಆಗಲೇ. ಇಂದು ಪ್ರವಾಸಿಯ ಕಣ್ಣನ್ನು ತಣಿಸುವ ಈ ಹಸುರಿನ ಹಿಂದೆ ಹಿತ್ತಿಲ ಮರವನ್ನೂ ಮುಟ್ಟಲಾರದೆ ಬದುಕಿದ ಬಡವರ ಭಯವಿದೆಯೆಂಬುದನ್ನು ಮರೆಯಲಾಗದು.

ಭಯದ ಇನ್ನೊಂದು ಗುರುತು ಕಿಸೊ-ಫುಕುಶಿಮಾ. ನದಿಯ ಮೇಲಣ ಇಕ್ಕಟ್ಟಾದ ದಿಬ್ಬದಲ್ಲಿ ಶೋಗುನರ ತನಿಖೆಯ ಠಾಣ್ಯವಿತ್ತು. ನಾಡಿನ ನಾಲ್ಕು ಪ್ರಮುಖ ಠಾಣ್ಯಗಳಲ್ಲಿ ಇದೂ ಒಂದು. ಎದೊ ನಗರದತ್ತ ಹೋಗುವ ಬಂದೂಕು, ಎದೊ ಬಿಟ್ಟು ಬರುವ ಹೆಂಗಸು, ಇವೆರಡರ ಮೇಲೆ ಠಾಣ್ಯದವರ ಕಣ್ಣು. ಪಾಳೆಯಗಾರರು ದಂಗೆಯೇಳದಂತೆ ಅವರ ಹೆಂಡಿರು ಮಕ್ಕಳನ್ನು ಎದೊದಲ್ಲಿ ಒತ್ತೆಯಿರಿಸಿಕೊಂಡಿದ್ದರಿಂದ, ಅವರು ವೇಷ ಮರೆಸಿಕೊಂಡು ಪಾರಾಗಿ ಹೋಗಬಾರದೆಂಬ ಎಚ್ಚರಿಕೆ! ಈ ಠಾಣ್ಯ ಮುಚ್ಚಿದ್ದು 1869ರಲ್ಲಿ.

ಮಧ್ಯಾಹ್ನದ ಊಟಕ್ಕೆ ಕಣಿವೆಯ ಗೋಧಿಯಲ್ಲದ ‘ಸೊಬಾ’ ಶಾವಿಗೆ, ಕಡ್ಡಿಗೆ ಮೆತ್ತಿ ಅಕ್ರೋಟಿನ ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟ ಅನ್ನದ ಉಂಡೆ, ಜೊತೆಗೆ ‘ಸುಂಕಿ’ ಎಂಬ ಉಪ್ಪಿಲ್ಲದ ಉಪ್ಪಿನಕಾಯಿ. ಕಡಲು ದೂರವಿದ್ದ ಈ ಸೀಮೆಯಲ್ಲಿ ಉಪ್ಪು ತುಟ್ಟಿಯಾಗಿತ್ತು. ಆದ್ದರಿಂದ ಇಲ್ಲಿನ ಗೃಹಿಣಿಯರು ಕೆಂಪು ಮೂಲಂಗಿಯಂಥ ಗೆಡ್ಡೆಯ ಸೊಪ್ಪನ್ನು ಹುಳಿ ಬರಿಸಿಯೇ ಚಳಿಗಾಲಕ್ಕೆ ಕಾಪಿಡುವ ಉಪಾಯವನ್ನು ಕಂಡುಕೊಂಡರು. ಊಟವಾದ ಮೇಲೆ ಅಗೆಮಾತ್ಸುವಿನ ಬಳಿ ನದಿ ಕೊರೆದ ಬಿಳಿಯ ಬಂಡೆಗಳ ಹಾಸು. ಕಡಲಾಳದ ಅರಮನೆಯಲ್ಲಿ ಕೆಲಕಾಲ ಸುಖವಾಗಿದ್ದು ಮರಳಿದ ಬೆಸ್ತ ಉರಾಶಿಮಾ, ತನ್ನ ಊರಿನಲ್ಲಿ ತಲೆಮಾರುಗಳೇ ಕಳೆದುಹೋದುದನ್ನು ಕಂಡು, ಅಲೆದು ಅಲೆದು ಇಲ್ಲಿಗೆ ಬಂದು ಎಚ್ಚೆತ್ತನಂತೆ. ‘ನೆಜಾಮೆ’ ಎಂದರೆ ಎಚ್ಚರಗೊಳ್ಳುವುದು.

ಆ ಕಥೆಯ ನೆನಪಿನೊಡನೆಯೇ 42ನೆಯ ತಂಗುದಾಣವಾದ ತ್ಸುಮಾಗೊ ಪ್ರವಾಸಿಯನ್ನು ಎದುರುಗೊಳ್ಳುತ್ತದೆ. 1911ರಲ್ಲಿ ಪೂರ್ಣಗೊಂಡ ರೈಲುದಾರಿ ಕಿಸೊ ನದಿಯ ದಂಡೆ ಹಿಡಿದು ಹೋದದ್ದರಿಂದ, ಒಳಗೆ ಸರಿದಿದ್ದ ಈ ಊರಿನತ್ತ ಯಾರೂ ತಿರುಗಿ ನೋಡಲಿಲ್ಲ. ತಂಗುವವರಿಲ್ಲದ ತಂಗುಮನೆಗಳು ಜೀರ್ಣವಾದವು. ಯುವಕರು ನಗರಗಳಿಗೆ ಹೊರಟರು. ಅರವತ್ತರ ದಶಕದಲ್ಲಿ ದೇಶವೆಲ್ಲ ಹಳೆಯದನ್ನು ಕೆಡವಿ ಸಿಮೆಂಟಿನ ಕಟ್ಟಡಗಳನ್ನೆಬ್ಬಿಸುತ್ತಿದ್ದಾಗ, ಕೆಡವುವುದಕ್ಕೂ ಕಾಸಿಲ್ಲದ ತ್ಸುಮಾಗೊ ಹಾಗೆಯೇ ಉಳಿದಿತ್ತು. ಆ ಬಡತನವೇ ಬಂಡವಾಳವಾಯಿತು. 1968ರಲ್ಲಿ ಊರವರು ಸಂಘ ಕಟ್ಟಿಕೊಂಡು, ಪ್ರಾಂತ ಸರ್ಕಾರದ ನೆರವಿನಿಂದ ಮನೆಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. 1971ರಲ್ಲಿ ಒಂದು ಪ್ರತಿಜ್ಞೆ ಕೈಗೊಂಡರು: ಮನೆಯನ್ನಾಗಲಿ ಹೊಲವನ್ನಾಗಲಿ ಕಾಡನ್ನಾಗಲಿ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ರಾಷ್ಟ್ರಸರ್ಕಾರ ಮೊದಲ ಬಾರಿಗೆ ಸಂರಕ್ಷಣೆಗೆ ಆರಿಸಿಕೊಂಡ ಊರುಗಳಲ್ಲಿ ತ್ಸುಮಾಗೊ ಸೇರಿತು. ಇಂದು ಹಗಲುಹೊತ್ತು ಬೀದಿಯಲ್ಲಿ ವಾಹನ ಸಂಚಾರವಿಲ್ಲ. ವಿದ್ಯುತ್ ತಂತಿಗಳು ಕಣ್ಣಿಗೆ ಬೀಳವು.

ಆದರೆ ಪ್ರತಿಜ್ಞೆ ಮಾಡುವುದು ಒಂದು ದಿನದ ಕೆಲಸ, ಪಾಲಿಸುವುದು ಒಂದು ಜನ್ಮದ ಕೆಲಸ. ಮಾರಬಾರದ ಮನೆಯಲ್ಲಿ ಇರುವವರು ಬೇಕಷ್ಟೆ! ಕಣಿವೆಯ ಜನಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಉಳಿದವರಲ್ಲಿ ಮುದುಕರೇ ಹೆಚ್ಚು. ಹೊರಗಿನ ಹಣವಂತನಿಗೆ ಮಾರಿದರೆ ಊರು ಸಂತೆಯಾಗುತ್ತದೆ. ಮಾರದೆ ಬಾಗಿಲು ಹಾಕಿದರೆ ಮಾಡು ಸೋರುತ್ತದೆ. ಈ ಎರಡರ ನಡುವೆ ತ್ಸುಮಾಗೊ ಐವತ್ತು ವರ್ಷಗಳಿಗೂ ಮೇಲ್ಪಟ್ಟು ತನ್ನ ಮಾತನ್ನು ನಡೆಸಿಕೊಂಡು ಬಂದಿದೆ.

ತ್ಸುಮಾಗೊದಿಂದ ಮಗೊಮೆಗೆ ಕಾಲುದಾರಿಯಲ್ಲಿ ಸುಮಾರು 8 ಕಿಲೋಮೀಟರು. ಕರಡಿಗಳು ದೂರ ಸರಿಯಲೆಂದು ದಾರಿಯಲ್ಲಿ ಅಲ್ಲಲ್ಲಿ ಗಂಟೆ ಕಟ್ಟಿದ್ದಾರೆ. ನಡೆವವರು ಅದನ್ನು ಬಾರಿಸುತ್ತ ಮುಂದುವರಿಯುತ್ತಾರೆ. ಕಾರಿನವನು ಘಟ್ಟವನ್ನು ಬಳಸಿ ಏರಿಳಿಯುತ್ತಾನೆ. ಮಗೊಮೆ ಕಡಿದಾದ ಕಲ್ಲುಹಾಸಿನ ಇಳಿಜಾರಿನ ಮೇಲಿದೆ. 1895ರಲ್ಲೊಮ್ಮೆ, 1915ರಲ್ಲೊಮ್ಮೆ ಬೆಂಕಿಗೆ ತುತ್ತಾದ್ದರಿಂದ ಇಲ್ಲಿನ ಮನೆಗಳು ಹೆಚ್ಚಾಗಿ ಮತ್ತೆ ಕಟ್ಟಿದವು. ಆದರೂ ಈ ಊರು ಜಪಾನಿನ ಓದುಗರಿಗೆಲ್ಲ ಪುಣ್ಯಕ್ಷೇತ್ರ. ಕವಿ, ಕಾದಂಬರಿಕಾರ ಶಿಮಾಜಾಕಿ ತೋಸೊನ್ ಹುಟ್ಟಿದ್ದು ಇಲ್ಲಿನ ಹೊಂಜಿನ್ ಮನೆಯಲ್ಲಿ, 1872ರಲ್ಲಿ.

ಆತನ ತಂದೆ ಮಸಾಕಿ ಊರಿನ ಮುಖಂಡ, ಪ್ರಾಚೀನ ವಿದ್ಯೆಯಲ್ಲಿ ಅಪಾರ ಶ್ರದ್ಧೆಯುಳ್ಳವನು. 1868ರಲ್ಲಿ ಶೋಗುನರ ಆಳ್ವಿಕೆ ಅಳಿದು ಚಕ್ರವರ್ತಿಯ ಆಡಳಿತ ಬಂದಾಗ, ಇನ್ನು ಧರ್ಮರಾಜ್ಯವೇ ಸರಿ, ಕಾಡು ಜನರಿಗೆ ಹಿಂದಿರುಗುವುದು ಎಂದು ಅವನು ನಂಬಿದನು. ಆದದ್ದು ಬೇರೆ. ಐದು ಜಾತಿಯ ಮರಗಳನ್ನು ಬಿಟ್ಟು ಉಳಿದವನ್ನು ಕಡಿದುಕೊಳ್ಳಲು ಹಿಂದೆ ಇದ್ದ ಅವಕಾಶವೂ ಹೊಸ ಸರ್ಕಾರದ ಕಾಲದಲ್ಲಿ ಕುಗ್ಗಿತು. ಜನರ ಪರವಾಗಿ ಮನವಿ ಸಲ್ಲಿಸಹೊರಟ ಮಸಾಕಿ ಅಧಿಕಾರವನ್ನು ಕಳೆದುಕೊಂಡನು. ಮುಂದೆ ಟೋಕಿಯೋದಲ್ಲಿ ತನ್ನ ಕವಿತೆ ಬರೆದ ಬೀಸಣಿಗೆಯನ್ನು ಚಕ್ರವರ್ತಿಯ ಸಾರೋಟಿನತ್ತ ಎಸೆದು ಅಪರಾಧಿಯಾದನು. ಕೊನೆಗೆ ಚಿತ್ತಸ್ವಾಸ್ಥ್ಯ ತಪ್ಪಿ, ಊರಿನ ಬೌದ್ಧ ದೇವಾಲಯಕ್ಕೆ ಬೆಂಕಿಯಿಡಲು ಹೋಗಿ, ಸ್ವಂತ ಊರಿನಲ್ಲಿಯೇ ಕೋಣೆಯೊಂದರಲ್ಲಿ ಸೆರೆಯಾಗಿ 1886ರಲ್ಲಿ ತೀರಿಕೊಂಡನು. ಆಗ ಮಗನಿಗೆ ಹದಿನಾಲ್ಕು ವರ್ಷ.

ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ನೋವನ್ನು ಎದೆಯಲ್ಲಿ ಹೊತ್ತ ಮಗ, 1929ರಿಂದ 1935ರವರೆಗೆ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ‘ಯೊಆಕೆ ಮಾಯೆ’, ಎಂದರೆ ‘ಬೆಳಗಾಗುವ ಮುನ್ನ’ ಎಂಬ ಮಹಾಕಾದಂಬರಿಯನ್ನು ಬರೆದನು. ಹೆಸರು ಬೇರೆಯಾದರೂ ಅದರ ನಾಯಕ ಮಸಾಕಿಯೇ. ಅರಸರೂ ಸೇನಾನಿಗಳೂ ತುಂಬಿರುವ ಚರಿತ್ರೆಯಲ್ಲಿ, ಅವರು ಹಾದುಹೋದ ದಾರಿಯ ಬದಿಯಲ್ಲಿ ನಿಂತು ಹೊರೆ ಹೊತ್ತವರಿಗೆ ಅಲ್ಲಿ ಸ್ಥಳ ದೊರಕಿತು.

ಹೊಂಜಿನ್ ಮನೆ 1895ರ ಬೆಂಕಿಯಲ್ಲಿ ಉರಿದುಹೋಯಿತು. ಅದರ ನಿವೇಶನದಲ್ಲಿ 1947ರಲ್ಲಿ, ಯುದ್ಧದಲ್ಲಿ ಸೋತು ದೇಶವೇ ಹಸಿದಿದ್ದ ಕಾಲದಲ್ಲಿ, ಊರಿನ ಜನ ತಾವೇ ಮೈಮುರಿದು ದುಡಿದು ತೋಸೊನ್ ಸ್ಮಾರಕವನ್ನು ಕಟ್ಟಿದರು. ಹಳೆಯ ಮನೆಯಲ್ಲಿ ಉಳಿದಿರುವುದು ಹಿರಿಯರ ವಿಶ್ರಾಂತಿಗೆಂದು ಹಿಂದೆ ಕಟ್ಟಿದ್ದ ಪುಟ್ಟ ಮನೆಯೊಂದೇ. ಅದರ ಮಹಡಿಯಲ್ಲಿಯೇ ಬಾಲಕ ತೋಸೊನ್ ತಂದೆಯ ಮುಂದೆ ಕುಳಿತು ಚೀನೀ ಗ್ರಂಥಗಳನ್ನು ಗಟ್ಟಿಯಾಗಿ ಓದಲು ಕಲಿತದ್ದು. ಸಂಜೆಯಾಗುತ್ತಲೇ ಪ್ರವಾಸಿಗಳ ಬಸ್ಸುಗಳು ಹೊರಡುತ್ತವೆ. ಅಂಗಡಿಗಳ ಬಾಗಿಲು ಮುಚ್ಚುತ್ತದೆ. ಎದುರಿನ ಎನಾ ಪರ್ವತದ ಮೇಲೆ ಬೆಳಕು ಆರುವಾಗ ಬೀದಿಯಲ್ಲಿ ನೀರು ಹರಿಯುವ ಸದ್ದಷ್ಟೇ ಉಳಿಯುತ್ತದೆ. ನಾಕಾತ್ಸುಗಾವಾದ ದೀಪಗಳತ್ತ ಇಳಿಯುವ ಮುನ್ನ ಪ್ರವಾಸಿ ಒಂದು ಗಳಿಗೆ ಆ ಪುಟ್ಟ ಮನೆಯ ಮುಂದೆ ನಿಂತರೆ, ದಿನವಿಡೀ ಕಂಡದ್ದಕ್ಕೆಲ್ಲ ಅಲ್ಲಿಯೇ ಅರ್ಥ ಸಿಕ್ಕೀತು.